ಮಕ್ಕಳ ಕುಣಿತ ಯಾರ ಮುಂದೆ?



ಡಿಸೆಂಬರ್ ಕಳೆದು ಜನವರಿ ಕಾಲಿಟ್ಟಿತೆಂದರೆ ನಮ್ಮ ಕಡೆಯ ಶಾಲೆಗಳಲ್ಲಿ ಪಾಠದ ಸದ್ದು ಅಡಗಿ ಧ್ವನಿವರ್ಧಕದ ಸದ್ದು ಏಳುತ್ತದೆ. ಹಿರಿಯೂರಿನಿಂದ ಚಿತ್ರದುರ್ಗದತ್ತ ಹೊರಟವರು ಐಮಂಗಲದಲ್ಲಿ ಹೆದ್ದಾರಿಯನ್ನು ಬಿಟ್ಟು ಹೋಬಳಿಯ ಯಾವ ಹಳ್ಳಿಯ ದಾರಿ ಹಿಡಿದರೂ, ಶೇಂಗಾ ಕಿತ್ತು ಬರಿದಾದ ಹೊಲಗಳಾಚೆಯಿಂದ ಒಂದಲ್ಲ ಒಂದು ಸಂಜೆ ಸಿನಿಮಾ ಹಾಡಿನ ಅಬ್ಬರ ಕೇಳಿಬರುತ್ತದೆ. ಅದು ಮದುವೆಯ ಮನೆಯಲ್ಲ, ಜಾತ್ರೆಯೂ ಅಲ್ಲ, ಶಾಲಾ ವಾರ್ಷಿಕೋತ್ಸವ. ಆಹ್ವಾನ ಪತ್ರಿಕೆಯಲ್ಲಿ ಗಣ್ಯರ ಹೆಸರುಗಳೆಲ್ಲ ಮುಗಿದ ಮೇಲೆ, ಕೊನೆಯಲ್ಲಿ, 'ಮಕ್ಕಳಿಂದ ಸಾಂಸ್ಕೃತಿಕ ಕಾರ್ಯಕ್ರಮ' ಎಂಬ ಒಂದು ಸಾಲು ಅಚ್ಚಾಗಿರುತ್ತದೆ. ಈ ಲೇಖನ ಆ ಒಂದು ಸಾಲನ್ನು ಕುರಿತದ್ದು. ಕಾದಂಬರಿಯನ್ನೂ ನಾಟಕವನ್ನೂ ವಿಮರ್ಶೆಗೆ ಒಳಪಡಿಸುವ ನಾವು, ಬಹುಶಃ ಅವೆಲ್ಲಕ್ಕಿಂತ ಹೆಚ್ಚು ಜನ ನೋಡುವ ಈ ಪ್ರದರ್ಶನವನ್ನು ಮಾತ್ರ ಎಂದೂ ವಿಮರ್ಶಿಸಲು ಹೋಗಿಲ್ಲ. 'ಮಕ್ಕಳು ಕುಣಿದದ್ದು ತಾನೇ' ಎಂದು ಚಪ್ಪಾಳೆ ತಟ್ಟಿ ಎದ್ದುಬಂದಿದ್ದೇವೆ.

ಅದು ಸಿದ್ಧವಾಗುವ ಬಗೆಯನ್ನು ನೀವೂ ಬಲ್ಲಿರಿ. ಉತ್ಸವಕ್ಕೆ ಎರಡು ಮೂರು ವಾರಗಳಿರುವಾಗ ಶಿಕ್ಷಕರು ಹಾಡುಗಳನ್ನು ಹಂಚಿಕೊಳ್ಳುತ್ತಾರೆ. ಹಣವುಳ್ಳ ಶಾಲೆಯಾದರೆ ಪಟ್ಟಣದಿಂದ 'ಡ್ಯಾನ್ಸ್ ಮಾಸ್ಟರ್' ಬರುತ್ತಾನೆ. ಇಲ್ಲವಾದರೆ ಮೊಬೈಲ್ ಫೋನೇ ಗುರು. ಅದರ ಅಂಗೈಯಗಲದ ಪರದೆಯನ್ನು ನೋಡಿ ಟೀಚರು ಕಲಿಯುತ್ತಾರೆ, ಟೀಚರನ್ನು ನೋಡಿ ಮಕ್ಕಳು ಕಲಿಯುತ್ತಾರೆ. ಎಲ್ಲ ಮಕ್ಕಳೂ ಅಲ್ಲ. ಬೆಳ್ಳಗಿರುವವರು, ಚುರುಕಾಗಿರುವವರು, ಬಾಡಿಗೆ ಉಡುಪಿಗೆ ಹಣ ತರಬಲ್ಲವರು ಮುಂದಿನ ಸಾಲಿಗೆ. ಕುಳ್ಳರು, ಹೆದರುವವರು, ತಾಳ ತಪ್ಪುವವರು ಹಿಂದಿನ ಸಾಲಿಗೆ. ಮಿಕ್ಕವರು ಕುರ್ಚಿ ಹೊರುವುದಕ್ಕೆ. ಉತ್ಸವದ ದಿನ ಮಧ್ಯಾಹ್ನ ಮೂರಕ್ಕೇ ಬಣ್ಣ ಹಚ್ಚಿ ಕೂರಿಸುತ್ತಾರೆ. ಗಣ್ಯರು ತಡವಾಗಿ ಬರುತ್ತಾರೆ. ಸ್ವಾಗತ, ಪ್ರಾಸ್ತಾವಿಕ, ವರದಿ ವಾಚನ, ಸನ್ಮಾನ, ಭಾಷಣ, ಮತ್ತೊಂದು ಭಾಷಣ. ತುಟಿಯ ಬಣ್ಣ ಕೆಟ್ಟೀತೆಂದು ಮಕ್ಕಳಿಗೆ ತಿನ್ನಲು ಕೊಟ್ಟಿರುವುದಿಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ನಿದ್ದೆಗಣ್ಣಿನ ಏಳು ವರ್ಷದ ಮಗು ವೇದಿಕೆಗೆ ಬಂದು ನಾಲ್ಕು ನಿಮಿಷ ಕುಣಿದು ಹೋಗುತ್ತದೆ. ಮರುದಿನದಿಂದ ಮುಂದಿನ ಜನವರಿಯವರೆಗೆ ಶಾಲೆಯಲ್ಲಿ ಕುಣಿತವೆಂಬುದು ಇಲ್ಲ.

ಇದನ್ನು 'ಮಕ್ಕಳಿಗೆ ನೃತ್ಯ ಕಲಿಸುವುದು' ಎಂದು ಕರೆಯಬಹುದೇ? ವರ್ಷವಿಡೀ ಗಣಿತದ ಪಾಠವನ್ನೇ ಮಾಡದೆ, ಪರೀಕ್ಷೆಯ ಹಿಂದಿನ ವಾರ ಒಂದೇ ಒಂದು ಲೆಕ್ಕವನ್ನು ಉರುಹೊಡೆಸಿ, ಅದನ್ನು ತಂದೆತಾಯಿಗಳ ಮುಂದೆ ಒಪ್ಪಿಸಿದರೆ ನಾವು ಒಪ್ಪುವೆವೇ? ಕುಣಿತದ ವಿಷಯದಲ್ಲಿ ಒಪ್ಪಿದ್ದೇವೆ. ಏಕೆಂದರೆ ಅದು ಮಗುವಿಗೆ ಸಂಬಂಧಿಸಿದ ವಿಷಯವೆಂದು ನಾವು ಭಾವಿಸಿಯೇ ಇಲ್ಲ; ನೋಡುವವರಿಗೆ ಸಂಬಂಧಿಸಿದ್ದು ಎಂದುಕೊಂಡಿದ್ದೇವೆ.

ಸಿನಿಮಾ ಹಾಡನ್ನು ಸಾರಾಸಗಟಾಗಿ ದೂಷಿಸುವವರ ಸಾಲಿಗೆ ನಾನು ಸೇರಿದವನಲ್ಲ. ಹಳೆಯ ಕನ್ನಡ ಚಿತ್ರಗಳಲ್ಲಿ ಜನಪದ ಮಟ್ಟಿನ ಎಷ್ಟೋ ಹಾಡುಗಳಿವೆ. ಅವುಗಳ ನಡೆ ಮಗುವಿನ ಹೆಜ್ಜೆಗೆ ಒಗ್ಗುತ್ತದೆ. ದೋಷವಿರುವುದು ಬೇರೆಡೆ. ಚಲನಚಿತ್ರದ ಕುಣಿತ ಕ್ಯಾಮರಾಕ್ಕಾಗಿ ಹುಟ್ಟಿದ್ದು. ಎರಡು ಮೂರು ಸೆಕೆಂಡುಗಳ ತುಣುಕುಗಳನ್ನು ಬೇರೆ ಬೇರೆ ದಿನ ಚಿತ್ರಿಸಿ, ಕತ್ತರಿಸಿ, ಜೋಡಿಸಿ ಆ ವೇಗವನ್ನು ಉಂಟುಮಾಡಿರುತ್ತಾರೆ. ತುಣುಕು ತುಣುಕಿನ ನಡುವೆ ನರ್ತಕ ಉಸಿರು ತೆಗೆದುಕೊಂಡಿರುತ್ತಾನೆ, ನೀರು ಕುಡಿದಿರುತ್ತಾನೆ. ಎರಡನೆಯ ತರಗತಿಯ ಮಗು ಅದನ್ನು ಒಂದೇ ಉಸಿರಿನಲ್ಲಿ ಮಾಡಬೇಕು. ಹಾಗಾಗಿ ಅದು ಕುಣಿಯುವುದಿಲ್ಲ. ಹಾಡಿನ ಹಿಂದೆ ಓಡುತ್ತದೆ. ನೀವು ಗಮನಿಸಿ ನೋಡಿ: ಆ ಮಕ್ಕಳ ಕಣ್ಣು ಪ್ರೇಕ್ಷಕರ ಮೇಲೂ ಇರುವುದಿಲ್ಲ, ಪಕ್ಕದ ಗೆಳೆಯನ ಮೇಲೂ ಇರುವುದಿಲ್ಲ; ವೇದಿಕೆಯ ಕೆಳಗೆ ನಿಂತು ಕೈಯಾಡಿಸುವ ಟೀಚರ ಮೇಲಿರುತ್ತದೆ. ಇನ್ನು ಆ ಹಾಡಿನ ಭಾವ. ಪ್ರಾಯದವರ ಪ್ರಣಯಕ್ಕೆಂದು ಹೊಸೆದ ಸೊಂಟದ ಬಳುಕು, ಕಣ್ಣಿನ ಕುಡಿನೋಟ, ತುಟಿ ಕಚ್ಚುವ ಭಂಗಿ ಇವೆಲ್ಲ ಅರ್ಥವೇ ತಿಳಿಯದ ದೇಹದ ಮೇಲೆ ಬಂದು ಕೂರುತ್ತವೆ. ಸಭೆ ನಗುತ್ತದೆ, ಸಿಳ್ಳೆ ಹಾಕುತ್ತದೆ. ತಾನು ಏನು ಮಾಡಿದ್ದಕ್ಕೆ ಸಿಳ್ಳೆ ಬಂತೆಂಬುದು ಮಗುವಿಗೆ ತಿಳಿಯದು. ಆದರೆ ಯಾವ ಭಂಗಿಗೆ ಬಂತೆಂಬುದು ಚೆನ್ನಾಗಿ ನೆನಪುಳಿಯುತ್ತದೆ. ಕಲಿಕೆಯೆಂದರೆ ಅದೇ ಅಲ್ಲವೇ?

ಈ ಆತಂಕ ನನ್ನೊಬ್ಬನದಲ್ಲ. 2019ರ ಜೂನ್ ತಿಂಗಳಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಖಾಸಗಿ ದೂರದರ್ಶನ ವಾಹಿನಿಗಳಿಗೆ ಸಲಹಾಪತ್ರವೊಂದನ್ನು ಕಳುಹಿಸಿತು. ವಯಸ್ಕರಿಗೆಂದು ಚಿತ್ರಗಳಲ್ಲಿ ಸಂಯೋಜಿಸಿದ ಕುಣಿತವನ್ನು ನೃತ್ಯ ಸ್ಪರ್ಧೆಗಳಲ್ಲಿ ಎಳೆಯ ಮಕ್ಕಳಿಂದ ಮಾಡಿಸುವುದು ಅವರ ವಯಸ್ಸಿಗೆ ತಕ್ಕದ್ದಲ್ಲ, ಅದು ಅವರ ಮನಸ್ಸಿನ ಮೇಲೆ ದುಷ್ಪರಿಣಾಮ ಬೀರೀತು ಎಂಬುದು ಅದರ ತಾತ್ಪರ್ಯ. ವಾಹಿನಿಗಳಿಗೆ ಹೀಗೆ ಹೇಳುವವರು ಒಬ್ಬರಾದರೂ ಇದ್ದಾರೆ. ಶಾಲೆಯ ವೇದಿಕೆಗೆ ಯಾರಿದ್ದಾರೆ?

ಈ ಪ್ರಶ್ನೆಯೊಂದಿಗೆ ಸಂತ ಮಾರ್ಕನ ಶುಭಸಂದೇಶದತ್ತ ತಿರುಗೋಣ. ಅದರ ಐದನೆಯ ಮತ್ತು ಆರನೆಯ ಅಧ್ಯಾಯಗಳನ್ನು ನಾವು ಸಾಮಾನ್ಯವಾಗಿ ಬೇರೆ ಬೇರೆ ದಿನಗಳಲ್ಲಿ, ಬೇರೆ ಬೇರೆ ವಾಚನಗಳಾಗಿ ಕೇಳುತ್ತೇವೆ. ಒಮ್ಮೆ ಎರಡನ್ನೂ ಒಟ್ಟಿಗೆ ಓದಿ. ಐದರಲ್ಲಿ ಯಾಯಿರನ ಮಗಳು, ಹನ್ನೆರಡು ವರ್ಷದವಳು, ಸತ್ತು ಮಲಗಿದ್ದಾಳೆ. ಆರರಲ್ಲಿ ಹೆರೋದಿಯಳ ಮಗಳು ಅರಸನ ಹುಟ್ಟುಹಬ್ಬದ ಔತಣದಲ್ಲಿ ಕುಣಿಯುತ್ತಾಳೆ. ಇಬ್ಬರನ್ನೂ ಸೂಚಿಸಲು ಮಾರ್ಕನು ಗ್ರೀಕ್ ಮೂಲದಲ್ಲಿ ಬಳಸಿರುವುದು ಒಂದೇ ಪದ: 'ಕೊರಾಸಿಯೊನ್', ಅಂದರೆ ಚಿಕ್ಕ ಹುಡುಗಿ, ಪುಟ್ಟಿ (ಮಾರ್ಕ 5:41-42; 6:22, 28). ನಾವು ಚಿತ್ರಪಟಗಳಲ್ಲಿ ಕಂಡ 'ಸಲೋಮೆ' ಮೋಹಕ ತರುಣಿ. ಆ ಹೆಸರು ಕೂಡ ಶುಭಸಂದೇಶದಲ್ಲಿಲ್ಲ. ಇತಿಹಾಸಕಾರ ಜೋಸೆಫಸನಿಂದ ಬಂದದ್ದು. ಮಾರ್ಕನ ಮಾತಿನಂತೆ ಅವಳೂ ಒಂದು ಮಗುವೇ. ಅಧಿಕಾರಿಗಳೂ ಸೇನಾಪತಿಗಳೂ ಪ್ರಮುಖರೂ ಉಣ್ಣುತ್ತ ಕುಳಿತಿರುವಾಗ ಅವಳನ್ನು ಅವರ ಮುಂದೆ ಕುಣಿಸುತ್ತಾರೆ. ಅವರಿಗೆ ಸಂತೋಷವಾಗುತ್ತದೆ. ಬೇಕಾದ್ದನ್ನು ಕೇಳೆಂದಾಗ ಏನು ಕೇಳಬೇಕೆಂದು ಅವಳಿಗೆ ತಿಳಿಯದು. ತಾಯಿಯ ಬಳಿಗೆ ಓಡುತ್ತಾಳೆ. ಕೊನೆಗೆ ಒಬ್ಬ ಪ್ರವಾದಿಯ ತಲೆ ತಟ್ಟೆಯಲ್ಲಿ ಬಂದು ಆ ಪುಟ್ಟ ಕೈಗಳನ್ನು ಸೇರುತ್ತದೆ. ಕುಣಿತವೂ ಅವಳದಲ್ಲ, ಕೋರಿಕೆಯೂ ಅವಳದಲ್ಲ, ಬಹುಮಾನವೂ ಅವಳದಲ್ಲ.

ಇನ್ನೊಬ್ಬ ಹುಡುಗಿಯ ಕೋಣೆಯಿಂದ ಪ್ರಭು ಯೇಸು ಮೊದಲು ಮಾಡಿದ್ದೇನು? ಗದ್ದಲದ ಗುಂಪನ್ನು ಹೊರಗೆ ಕಳುಹಿಸಿದ್ದು. ತಂದೆತಾಯಿ ಮತ್ತು ಮೂವರು ಶಿಷ್ಯರನ್ನು ಬಿಟ್ಟರೆ ಅಲ್ಲಿ ಪ್ರೇಕ್ಷಕರಿಲ್ಲ. ಕೈಹಿಡಿದು ಏಳೆನ್ನುತ್ತಾರೆ, ಅವಳು ಎದ್ದು ನಡೆದಾಡುತ್ತಾಳೆ. ನಡೆದದ್ದನ್ನು ಯಾರಿಗೂ ಹೇಳಕೂಡದೆಂದು ಆಜ್ಞಾಪಿಸಿ, ಇವಳಿಗೆ ತಿನ್ನಲು ಏನಾದರೂ ಕೊಡಿ ಎನ್ನುತ್ತಾರೆ. ಈ ಕೊನೆಯ ಮಾತನ್ನು ನಾನು ಎಷ್ಟೋ ವರ್ಷ ಗಮನಿಸಿರಲಿಲ್ಲ. ವಾರ್ಷಿಕೋತ್ಸವದ ರಾತ್ರಿಯೊಂದರಲ್ಲಿ, ಬಣ್ಣ ಹಚ್ಚಿಕೊಂಡು ಹಸಿದು ಕುಳಿತ ಮಕ್ಕಳ ಸಾಲಿನ ಮುಂದೆ ನಿಂತಾಗ ಅದು ನೆನಪಿಗೆ ಬಂತು.

ನಮ್ಮ ಕ್ರೈಸ್ತ ಶಾಲೆಗಳಿಗೆ ಇದರಲ್ಲಿ ಹೆಚ್ಚಿನ ಹೊಣೆಯಿದೆಯೆಂದು ನನ್ನ ಭಾವನೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಮದರಾಸು ಪ್ರಾಂತ್ಯದಲ್ಲಿ ನಾಚ್ ವಿರೋಧಿ ಚಳವಳಿ ತಲೆಯೆತ್ತಿದಾಗ ಸಮಾಜ ಸುಧಾರಕರ ಜೊತೆಗೆ ಮಿಷನರಿಗಳೂ ನಿಂತರು. ಶೋಷಣೆಯ ವಿರುದ್ಧ ಅವರೆತ್ತಿದ ದನಿ ನ್ಯಾಯವಾದದ್ದೇ. ಆದರೆ ಅದರೊಂದಿಗೆ ಕುಣಿತವೇ ಹೇಯವೆಂಬ ಭಾವನೆಯೂ ನಮ್ಮ ಮನೆಗಳನ್ನು ಹೊಕ್ಕಿತು. ಮಂಜೂಷದ ಮುಂದೆ ಮೈಮರೆತು ಕುಣಿದ ದಾವೀದನನ್ನು ಕಿಟಕಿಯಿಂದ ನೋಡಿ ತಿರಸ್ಕರಿಸಿದ ಮೀಕಲಳ ಮನಸ್ಸು (2 ಸಮುವೇಲ 6:16) ನಮ್ಮಲ್ಲಿ ಬಹಳ ಕಾಲ ಉಳಿಯಿತು. ವಿಪರ್ಯಾಸವೆಂದರೆ, ಹಾಗೆ ಕುಣಿತವನ್ನು ಅಂಗಳದಿಂದ ಹೊರಗಿಟ್ಟವರೇ ಇಂದು ವೇದಿಕೆಯ ಮೇಲೆ ಯಾವುದಾದರೂ ಸರಿಯೆಂದು ಒಳಗೆ ಬಿಟ್ಟುಕೊಂಡಿದ್ದಾರೆ. ಬೇಲಿ ಹಾಕಿದವನಿಗೆ ಬೆಳೆಯ ಗುರುತೇ ಇಲ್ಲದಿದ್ದರೆ ಹೀಗಾಗುತ್ತದೆ.

ನಮ್ಮ ನುಡಿಯಲ್ಲಿ 'ಆಡು' ಎಂಬ ಒಂದೇ ಧಾತು ಆಟಕ್ಕೂ ಮಾತಿಗೂ ಕುಣಿತಕ್ಕೂ ದುಡಿಯುತ್ತದೆ: ಆಟವಾಡು, ಮಾತಾಡು, ನಲಿದಾಡು. ಕರಾವಳಿಯವರಿಗೆ ಯಕ್ಷಗಾನವೆಂದರೆ 'ಆಟ'. ನಮ್ಮ ಬಯಲುಸೀಮೆಯವರಿಗೆ ಬಯಲಾಟ. ಮಗುವಿಗೆ ಈ ಮೂರೂ ಒಂದೇ ಎಂಬುದನ್ನು ಭಾಷೆ ನಮಗಿಂತ ಮೊದಲೇ ಕಂಡುಕೊಂಡಂತಿದೆ. ಪ್ರಭು ಯೇಸುವಿಗೂ ಅದು ಗೊತ್ತಿತ್ತು. ಪೇಟೆಯ ಬೀದಿಯಲ್ಲಿ ಕುಳಿತ ಮಕ್ಕಳು ತಮ್ಮ ಜೊತೆಗಾರರನ್ನು ದೂರುವ ಸಾಮ್ಯವನ್ನು ನೆನೆಯಿರಿ: ನಾವು ಕೊಳಲೂದಿದರೂ ನೀವು ಕುಣಿಯಲಿಲ್ಲ ಎಂಬುದು ಅವರ ದೂರು (ಮತ್ತಾಯ 11:16-17). ಮದುವೆಯಾಟ, ಸಾವಿನಾಟ, ಊದುವವರೂ ಮಕ್ಕಳೇ, ಕುಣಿಯಬೇಕಾದವರೂ ಮಕ್ಕಳೇ. ದೊಡ್ಡವರ ಸುಳಿವೇ ಅಲ್ಲಿಲ್ಲ. ಆ ಸಾಮ್ಯವನ್ನು ಹೇಳಿದವರು ಬೀದಿಯಲ್ಲಿ ನಿಂತು ಮಕ್ಕಳ ಆಟವನ್ನು ನೋಡಿದವರೇ ಇರಬೇಕು.

ಕೊಳಲೆಂದಾಗ ಹಿರಿಯೂರು ಸೀಮೆಯವರಿಗೆ ಕಾಡುಗೊಲ್ಲರ 'ಗಣೆ' ನೆನಪಾಗದಿರದು. ಜುಂಜಪ್ಪನ ಕಾವ್ಯದೊಂದಿಗೆ ಬೆಸೆದುಕೊಂಡ ಉದ್ದನೆಯ ಬಿದಿರಿನ ಕೊಳಲು ಅದು. ಈ ಸೀಮೆಯ ಹಟ್ಟಿಗಳಲ್ಲಿ ಗಣೆಯಿತ್ತು, ಊರುಗಳಲ್ಲಿ ಉರುಮೆ ತಮಟೆಗಳಿದ್ದವು, ಬೆಳುದಿಂಗಳಿನ ಕೋಲಾಟವಿತ್ತು. ಕೆಲವೆಡೆ ಈಗಲೂ ಇವೆ. ಇವುಗಳಲ್ಲಿ ಪ್ರಾಥಮಿಕ ಶಾಲೆಯ ಅಂಗಳಕ್ಕೆ ಸಲೀಸಾಗಿ ಬರಬಲ್ಲದ್ದು ಕೋಲಾಟ. ಅದನ್ನು ಕೇವಲ 'ನಮ್ಮ ಸಂಸ್ಕೃತಿ' ಎಂದು ಹೊಗಳುವುದರಿಂದ ಏನೂ ಸಿಗದು. ಅದು ಏನನ್ನು ಕಲಿಸುತ್ತದೆಂದು ನೋಡಬೇಕು. ಕೋಲಾಟದಲ್ಲಿ ವೃತ್ತವಿದೆ, ವೃತ್ತಕ್ಕೆ ಮುಂದಿನ ಸಾಲು, ಹಿಂದಿನ ಸಾಲು ಎಂಬುದಿಲ್ಲ. ನನ್ನ ಕೋಲು ನನ್ನದಕ್ಕೆ ಬಡಿದರೆ ಸಾಲದು, ಪಕ್ಕದವನ ಕೋಲಿಗೆ ತಾಗಬೇಕು. ಆದುದರಿಂದ ಕಣ್ಣು ಟೀಚರಿಂದ ಜೊತೆಗಾರನತ್ತ ತಿರುಗಲೇಬೇಕು. ತಪ್ಪಿದರೆ ಬೈಯುವವರು ಬೇಕಿಲ್ಲ, ಸದ್ದೇ ಹೇಳುತ್ತದೆ. ಕುಣಿಯುವವರೇ ಹಾಡುವ ರೂಢಿಯಿದ್ದಲ್ಲಿ ವೇಗವನ್ನು ಉಸಿರು ನಿರ್ಧರಿಸುತ್ತದೆ, ಯಂತ್ರವಲ್ಲ. ಜಡೆ ಕೋಲಾಟವನ್ನು ನೋಡಿದವರಿಗೆ ಇನ್ನೊಂದು ಸೊಗಸು ಗೊತ್ತು. ಮೇಲಿನಿಂದ ಇಳಿಬಿಟ್ಟ ಹಗ್ಗಗಳನ್ನು ಹಿಡಿದು ಒಬ್ಬರ ಹಿಂದೆ ಒಬ್ಬರು ನುಸುಳುತ್ತ ಜಡೆ ಹೆಣೆಯುತ್ತಾರೆ, ಮತ್ತೆ ಹಿಂದೆ ನಡೆದು ಬಿಡಿಸುತ್ತಾರೆ. ಒಬ್ಬ ತಪ್ಪಿದರೆ ಗಂಟು ಬೀಳುತ್ತದೆ. ಅದನ್ನು ಅವನೊಬ್ಬನೇ ಬಿಡಿಸಲಾರ, ಎಲ್ಲರೂ ಹಿಂದೆ ಬರಬೇಕು. ಮೂರನೆಯ ತರಗತಿಯ ಮಗುವಿಗೆ ಎಡ ಬಲ, ಒಳಗೆ ಹೊರಗೆ, ಸಮ ಬೆಸ, ನಾಲ್ಕರ ಮಗ್ಗಿ ಇವನ್ನೆಲ್ಲ ಮೈಯ ಮೂಲಕವೇ ಕಲಿಸುವ ಬೇರೊಂದು ಸಾಧನ ನನಗೆ ತಿಳಿಯದು.

ಐಮಂಗಲದಲ್ಲಿ ಪೊಲೀಸ್ ತರಬೇತಿ ಶಾಲೆಯಿದೆ. ಅಲ್ಲಿನ ಮೈದಾನದಲ್ಲಿ ನೂರಾರು ಕಾಲುಗಳು ಒಂದೇ ಬಾರಿಗೆ ನೆಲವನ್ನು ಮುಟ್ಟುವ ಕವಾಯತಿಗೆ ಅದರದೇ ಆದ ಗಾಂಭೀರ್ಯವಿದೆ. ಆದರೆ ಕವಾಯತಿನ ಒಗ್ಗಟ್ಟು ಹುಟ್ಟುವುದು ಆಜ್ಞೆಯಿಂದ. ಕೋಲಾಟದ ಒಗ್ಗಟ್ಟು ಹುಟ್ಟುವುದು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದರಿಂದ. ಪೊಲೀಸನಿಗೆ ಮೊದಲನೆಯದು ಬೇಕು. ಎಂಟು ವರ್ಷದ ಮಗುವಿಗೆ ಯಾವುದು ಬೇಕು? ನಮ್ಮ ಶಾಲೆಗಳಲ್ಲಿ ನೃತ್ಯಾಭ್ಯಾಸವೆಂದರೆ 'ಒನ್, ಟೂ, ಥ್ರೀ, ಫೋರ್' ಎಂಬ ಕೂಗು ಮತ್ತು ಬೆತ್ತ. ಹಾಡು ಸಿನಿಮಾದ್ದಾದರೂ ಜಾನಪದವಾದರೂ ವಿಧಾನ ಕವಾಯತಿನದೇ.

ಜಾನಪದವೆಂದೊಡನೆ ಕಣ್ಣು ಮುಚ್ಚಿ ಕೈಮುಗಿಯಬೇಕಾಗಿಯೂ ಇಲ್ಲ. ಊರ ಕುಣಿತಗಳಿಗೆ ಜಾತಿಯ ಎಲ್ಲೆಯಿತ್ತು, ಹೆಣ್ಣು ಗಂಡಿನ ಎಲ್ಲೆಯಿತ್ತು. ತಮಟೆಯ ಸದ್ದಿಗೆ ಊರೇ ಕುಣಿದರೂ ಅದನ್ನು ಬಡಿದವನನ್ನು ಊರು ಜಗುಲಿಗೆ ಹತ್ತಿಸಲಿಲ್ಲ. ಹಟ್ಟಿಗಳಲ್ಲಿ ಮುಟ್ಟು ಬಾಣಂತನದ ದಿನಗಳಲ್ಲಿ ಹೆಣ್ಣನ್ನು ಹೊರಗಿರಿಸುವ ಪದ್ಧತಿಯನ್ನು ನಾವೆಲ್ಲ ಬಲ್ಲೆವು. ಶಾಲೆ ಮಾಡಬಹುದಾದದ್ದು, ಜಾತ್ರೆ ಮಾಡಲಾರದ್ದು ಇಲ್ಲಿದೆ: ಯಾರ ಮನೆಯ ಮಗುವಾದರೂ ತಮಟೆಯನ್ನು ಮುಟ್ಟಬಹುದು, ಯಾರ ಕೋಲಿಗೆ ಯಾರ ಕೋಲಾದರೂ ತಾಗಬಹುದು. ಆದರೆ ನಡೆಯುತ್ತಿರುವುದೇನು? ಶಿಕ್ಷಣ ಇಲಾಖೆಯ 'ಪ್ರತಿಭಾ ಕಾರಂಜಿ' ಸದುದ್ದೇಶದ ಯೋಜನೆ. ಹಳ್ಳಿಯ ಮಗುವನ್ನು ಕ್ಲಸ್ಟರಿನಿಂದ ತಾಲ್ಲೂಕಿಗೂ ಜಿಲ್ಲೆಗೂ ಕರೆದೊಯ್ದ ಯೋಜನೆ. ಅದನ್ನು ನಾನು ಕಡೆಗಣಿಸಲಾರೆ. ಆದರೆ ಸ್ಪರ್ಧೆಯ ಜಾನಪದ ನೃತ್ಯದಲ್ಲಿ ಜಾನಪದ ಉಳಿದಿರುವುದು ಬಹುಮಟ್ಟಿಗೆ ಉಡುಪಿನಲ್ಲಿ. ಹಾಡು ಮುದ್ರಿತ, ವೇಗ ಚಿತ್ರಗೀತೆಯದು, ವೃತ್ತ ಒಡೆದು ತೀರ್ಪುಗಾರರ ಮೇಜಿನತ್ತ ಮುಖಮಾಡಿದ ಸಾಲು. ಕಚ್ಚೆ, ಪೇಟ, ಕಾಸಿನ ಸರಗಳ ಬಾಡಿಗೆಗೆ ಶಿಕ್ಷಕರು ಕೈಯಿಂದ ಹಣ ಹಾಕುತ್ತಾರೆ. ಗೆದ್ದ ತಂಡ ಮುಂದೆ ಹೋಗುತ್ತದೆ. ಸೋತ ಇಪ್ಪತ್ತು ಶಾಲೆಗಳಲ್ಲಿ ಕೋಲು ಮತ್ತೆ ಅಟ್ಟ ಸೇರುತ್ತದೆ.

ಬೇರೆ ದಾರಿಯನ್ನು ನಮ್ಮವರೇ ಹಿಂದೆ ತುಳಿದಿದ್ದಾರೆ. 1930ರ ದಶಕದಲ್ಲಿ ಪುತ್ತೂರಿನಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ಕಟ್ಟಿಕೊಂಡು ನಾಟಕ, ಹಾಡು, ಕುಣಿತಗಳ ಪ್ರಯೋಗಕ್ಕೆ ಇಳಿದಾಗ ಅವರಿಗೆ ಬೇಕಾಗಿದ್ದುದು ನರ್ತಕರಲ್ಲ; ಮೈ ಚಳಿ ಬಿಟ್ಟ ಮಕ್ಕಳು. ತಾವೇ ಕಾಲಿಗೆ ಗೆಜ್ಜೆ ಕಟ್ಟಿ ಕುಣಿದ ಆ ಮನುಷ್ಯನನ್ನು ಕಂಡು ನಕ್ಕವರಿದ್ದರು. ಅದಕ್ಕೂ ಮೊದಲು, 1919ರಲ್ಲಿ ಸಿಲ್ಹೆಟ್ಟಿಗೆ ಹೋದ ರವೀಂದ್ರನಾಥ ಠಾಕೂರರು ಮಣಿಪುರಿ ನೃತ್ಯವನ್ನು ನೋಡಿ ಮನಸೋತು ಆ ಪರಂಪರೆಯ ಗುರುವೊಬ್ಬರನ್ನು ಶಾಂತಿನಿಕೇತನಕ್ಕೆ ಕರೆಸಿದರು; ಗೌರವಸ್ಥರ ಮಕ್ಕಳು ಕುಣಿಯುವುದು ಅವಮಾನವೆಂದು ಬಗೆಯುತ್ತಿದ್ದ ಕಾಲವದು. ಇಂಗ್ಲೆಂಡಿನಲ್ಲಿ ನೆಲೆಸಿದ ರುಡಾಲ್ಫ್ ಲಾಬಾನ್ 1948ರಲ್ಲಿ ಶಾಲಾ ನೃತ್ಯವನ್ನು ಕುರಿತು ಬರೆದ ಪುಸ್ತಕ ಅಲ್ಲಿನ ಶಿಕ್ಷಕರನ್ನು ಬಹುವಾಗಿ ಪ್ರಭಾವಿಸಿತು. ಸಿದ್ಧ ಹೆಜ್ಜೆಗಳನ್ನು ಕೊಡುವ ಬದಲು ಭಾರ ಹಗುರ, ನಿಧಾನ ವೇಗ, ಎತ್ತರ ತಗ್ಗು ಇವನ್ನು ಮಗು ತನ್ನ ಮೈಯಲ್ಲೇ ಹುಡುಕಿಕೊಳ್ಳಲಿ ಎಂಬುದು ಅವರ ನಿಲುವು. ನಮ್ಮ ರಾಜ್ಯದಲ್ಲಿಯೇ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತು ಮುಂದೆ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಹಬ್ಬಿದ ಕಲಿಕಾ ವಿಧಾನಕ್ಕೆ 'ನಲಿ-ಕಲಿ' ಎಂದು ಹೆಸರಿಟ್ಟರು. ಕಲಿಯುವುದಕ್ಕಿಂತ ನಲಿಯುವುದು ಮುಂದಿದೆ, ನೋಡಿ.

ಕಾಗದದ ಮೇಲೆ ನಮಗೆ ಕೊರತೆಯಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಗಳನ್ನು ಶಾಲೆಯ ಎಲ್ಲ ಹಂತಗಳಲ್ಲೂ ಪಠ್ಯದ ಭಾಗವೆಂದೇ ಪರಿಗಣಿಸಬೇಕೆಂದಿತು; ಸಂಗೀತ, ನೃತ್ಯ, ನಾಟಕಗಳಿಗೆಂದೇ ಒಂದು ಪ್ರತ್ಯೇಕ ನಿಲುವು ಪತ್ರ ಸಿದ್ಧವಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯನ್ನು ಓದಿದರೆ ಮಾತ್ರ ನಿಜಸ್ಥಿತಿ ತಿಳಿಯುತ್ತದೆ. ಆರರಿಂದ ಎಂಟನೆಯ ತರಗತಿಗಳಲ್ಲಿ, ಅದೂ ಮಕ್ಕಳ ಸಂಖ್ಯೆ ನೂರನ್ನು ಮೀರಿದಲ್ಲಿ, ಕಲಾಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕೆಂದು ಅದು ಹೇಳುತ್ತದೆ. ಒಂದರಿಂದ ಐದನೆಯ ತರಗತಿಯ ಮಗುವಿಗೆ ಅಷ್ಟೂ ಇಲ್ಲ. ನೃತ್ಯ ಮೈಗೆ ಸಹಜವಾಗಿ ಇಳಿಯುವ ವಯಸ್ಸೇ ಅದು.

ಹಾಗಾದರೆ ಶಾಸ್ತ್ರೀಯ ನೃತ್ಯವನ್ನು ಕಲಿಸೋಣವೇ ಎಂದು ಕೇಳುವ ಪೋಷಕರಿದ್ದಾರೆ. ಭರತನಾಟ್ಯವೆಂದರೆ ಹಿಂದೂ ದೇವರಿಗೆ ಸಂಬಂಧಪಟ್ಟದ್ದು, ನಮಗೇಕೆ ಎಂದು ಹಿಂಜರಿಯುವವರೂ ಇದ್ದಾರೆ. ಹಿಂಜರಿಯುವವರಿಗೆ ಒಂದು ಮಾತು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ದೈವಾರಾಧನೆಯ ಸಂವಿಧಾನದಲ್ಲಿ ಜನಾಂಗಗಳ ಕಲಾಸಂಪತ್ತನ್ನು ಗೌರವದಿಂದ ಕಾಣಬೇಕೆಂದು ವಿಧಿಸಿತು. ಜರ್ಮನಿಯಿಂದ ಬಂದ ಗುರು ಜಾರ್ಜ್ ಪ್ರೋಕ್ಷ್ ಅವರು ಮುಂಬಯಿಯ ಜ್ಞಾನ ಆಶ್ರಮದಲ್ಲಿ ಭಾರತೀಯ ಗೀತ ನೃತ್ಯಗಳ ಮೂಲಕ ಕ್ರಿಸ್ತಸಂದೇಶವನ್ನು ಸಾರಿದರು. ಫ್ರಾನ್ಸಿಸ್ ಬಾರ್ಬೋಜ ಅವರು ಗುರುಗಳಾಗಿದ್ದುಕೊಂಡೇ ಭರತನಾಟ್ಯವನ್ನು ಶಾಸ್ತ್ರೋಕ್ತವಾಗಿ ಕಲಿತು, ಕ್ರೈಸ್ತ ವಸ್ತುವಿಗೆ ಒಪ್ಪುವ ಹಸ್ತಮುದ್ರೆಗಳನ್ನು ರೂಪಿಸಿದರು. ಅಡ್ಡಿ ಶಾಸ್ತ್ರದಲ್ಲಿಲ್ಲ. ಆತುರಪಡುವವರಿಗೆ ಇನ್ನೊಂದು ಮಾತು. ಶಾಸ್ತ್ರೀಯ ನೃತ್ಯಕ್ಕೆ ಬಲ್ಲ ಗುರು ಬೇಕು, ವರ್ಷಗಳ ತಾಳ್ಮೆ ಬೇಕು. ಎಲ್ಲಕ್ಕಿಂತ ಮಗುವಿಗೆ ಅದು ಬೇಕೆನಿಸಬೇಕು. ಸಿಮೆಂಟ್ ನೆಲದ ಮೇಲೆ ಆರು ವರ್ಷದ ಮಗುವನ್ನು ಅರೆಮಂಡಿಯಲ್ಲಿ ನಿಲ್ಲಿಸಿ ತಟ್ಟಡವು ಬಡಿಸುವುದು, ಅದೂ ಮೂರು ವಾರದಲ್ಲಿ ಉತ್ಸವಕ್ಕೆ 'ಐಟಂ' ತಯಾರಾಗಲೆಂದು, ಮಗುವಿನ ಮೊಣಕಾಲಿಗೂ ಕಲೆಗೂ ಮಾಡುವ ಅಪಚಾರ.

ನಮ್ಮ ದೇವಾಲಯಗಳಲ್ಲಿ ಹಬ್ಬದ ಬಲಿಪೂಜೆಯ ಕಾಣಿಕೆ ಮೆರವಣಿಗೆಯಲ್ಲಿ ಪುಟ್ಟ ಹೆಣ್ಣುಮಕ್ಕಳು ಒಂದೇ ಬಣ್ಣದ ಲಂಗ ತೊಟ್ಟು ಹೆಜ್ಜೆ ಹಾಕುತ್ತ ಬರುವುದನ್ನು ನೀವು ಕಂಡಿರುತ್ತೀರಿ. ಎಷ್ಟೋ ಸಲ ಅದು ನಿಜಕ್ಕೂ ಪ್ರಾರ್ಥನೆಯೇ ಆಗಿರುತ್ತದೆ. ಎಷ್ಟೋ ಸಲ ಮೊಬೈಲ್ ಹಿಡಿದ ಬಂಧುಗಳು ನಡುದಾರಿಗೆ ನುಗ್ಗಿ, ಪೀಠದತ್ತ ಹೊರಟ ಮಕ್ಕಳನ್ನು ತಮ್ಮತ್ತ ತಿರುಗಿ ನಗುವಂತೆ ಕರೆಯುತ್ತಾರೆ. ಆ ಕ್ಷಣದಲ್ಲಿ ಮಕ್ಕಳ ಹೆಜ್ಜೆಯ ದಿಕ್ಕು ಬದಲಾಗುವುದನ್ನು ಗಮನಿಸಿದ್ದೀರಾ?

ಇಬ್ಬರೇ ಶಿಕ್ಷಕರಿರುವ ಹಳ್ಳಿಯ ಶಾಲೆಯಲ್ಲಿ ಏನು ಸಾಧ್ಯ ಎಂದು ಕೇಳಬಹುದು. ವಾರಕ್ಕೆ ಅರ್ಧ ಗಂಟೆ ಸಾಧ್ಯ. ಉಡುಪು ಬೇಡ, ಯಂತ್ರ ಬೇಡ, ವೇದಿಕೆ ಬೇಡ. ಬೇವಿನ ಮರದ ನೆರಳು ಸಾಕು. ಮೊದಲು ನಡೆಯುವುದು, ಚಪ್ಪಾಳೆಗೆ ನಿಲ್ಲುವುದು. ತಾವೇ ಹಾಡಿಕೊಂಡು ಸುತ್ತುವುದು. ರಾಗಿ ತೂರುವ ಕೈ, ಹೆದ್ದಾರಿಯ ಲಾರಿ, ಗುಡ್ಡದ ಮೇಲಿನ ಗಾಳಿಯಂತ್ರದ ರೆಕ್ಕೆ ಇವನ್ನು ಪ್ರತಿ ಮಗುವೂ ತನಗೆ ತೋಚಿದಂತೆ ಮಾಡಿ ತೋರಿಸುವುದು, ಉಳಿದವರು ಅದನ್ನು ಹಿಂಬಾಲಿಸುವುದು. ಆಮೇಲೆ ಕೋಲು. ಕಾಲಿಗೆ ಬಲವಿಲ್ಲದ ಮಗು ವೃತ್ತದ ನಡುವೆ ಕುಳಿತು ತಾಳ ಹಾಕಲಿ. ವೃತ್ತ ಅದರ ಸುತ್ತ ತಿರುಗಲಿ. ಊರಿನ ಕೋಲಾಟದ ಹಿರಿಯರನ್ನು ತಿಂಗಳಿಗೊಮ್ಮೆ ಕರೆದರೆ ಅವರು ಬರದೆ ಇರಲಾರರು. ಇದನ್ನು ವರ್ಷವಿಡೀ ಮಾಡಿದ ಶಾಲೆ ಜನವರಿಯಲ್ಲಿ ವಾರ್ಷಿಕೋತ್ಸವ ಮಾಡಿದರೆ ಯಾರ ಅಡ್ಡಿಯೂ ಇಲ್ಲ. ಗಣ್ಯರ ಭಾಷಣವನ್ನು ಕುಣಿತದ ನಂತರ ಇಟ್ಟರೆ ಸಾಕು.

ಇಷ್ಟೆಲ್ಲ ಹೇಳುವ ಅಧಿಕಾರ ನನಗಿದೆಯೇ ಎಂಬ ಅಳುಕೂ ಇದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಇದೇ ಸೀಮೆಯ ಶಾಲೆಯೊಂದರಲ್ಲಿ ನಾನು ಪಾಠ ಹೇಳುತ್ತಿದ್ದಾಗ ವಾರ್ಷಿಕೋತ್ಸವದ ಒಂದು ಕುಣಿತದ ಹೊಣೆ ನನ್ನ ಮೇಲೆ ಬಿದ್ದಿತ್ತು. ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ಪ್ರತಿ ಸಲವೂ ಒಂದು ಹೆಜ್ಜೆ ಹಿಂದೆ ಬೀಳುತ್ತಿದ್ದಳು. ಎರಡು ದಿನ ತಿದ್ದಿದೆ. ಮೂರನೆಯ ದಿನ, 'ನೀನು ಕೂತ್ಕೋಮ್ಮ, ಮುಂದಿನ ವರ್ಷ ನೋಡೋಣ' ಎಂದೆ. ಅವಳು ಅಳಲಿಲ್ಲ, 'ಆಯ್ತು ಸಾರ್' ಎಂದು ಹೋಗಿ ಕುಳಿತಳು. ಮುಂದಿನ ವರ್ಷ ಅವಳ ಮನೆಯವರು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೊರಟುಹೋದರು.

ಅವಳನ್ನು ಕೂರಿಸಿದ ಎರಡೋ ಮೂರೋ ದಿನದ ಮೇಲೆ ಊಟದ ಬಿಡುವಿನಲ್ಲಿ ಶಾಲೆಯ ಹಿಂಬದಿಗೆ ಹೋಗಿದ್ದೆ. ನೀರಿನ ತೊಟ್ಟಿಯ ಪಕ್ಕದಲ್ಲಿ ಅವಳು ಒಂದನೆಯ ತರಗತಿಯ ಆರೇಳು ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು ಅದೇ ಹಾಡನ್ನು ಬಾಯಲ್ಲಿ ಹೇಳುತ್ತ ಅದೇ ಕುಣಿತವನ್ನು ಕಲಿಸುತ್ತಿದ್ದಳು. ಒಂದು ಹೆಜ್ಜೆ ತಡವಾಗಿಯೇ ಇಡುತ್ತಿದ್ದಳು. ಚಿಕ್ಕವರೆಲ್ಲ ಅವಳ ಕಾಲನ್ನೇ ನೋಡುತ್ತ, ಅವಳ ಜೊತೆಯಲ್ಲೇ ಇಡುತ್ತಿದ್ದರು. ನನ್ನನ್ನು ಕಂಡೊಡನೆ ಹಾಡು ನಿಲ್ಲಿಸಿ, ಮಕ್ಕಳನ್ನು ಚದುರಿಸಿ, ಲಂಗ ಸರಿಪಡಿಸಿಕೊಂಡು ನಿಂತಳು.